ಕೊನೆಯ ಸೆಮಿಸ್ಟರಿನ ಒಂದು ಮಂಗಳವಾರ

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಕೊನೆಯ ವರ್ಷದವರ ಮುಂದೆ ನಿಂತ ನನ್ನಂಥ ಲೆಕ್ಚರರ್‌ಗಳು ಸಾಮಾನ್ಯವಾಗಿ ಕನಸು, ಗುರಿ, ಯಶಸ್ಸು ಅಂತ ಶುರು ಮಾಡುತ್ತಾರೆ. ಅದನ್ನೆಲ್ಲ ಬೀಳ್ಕೊಡುಗೆ ದಿನ ನೀವು ಹೇಗೂ ಬೇಕಾದಷ್ಟು ಕೇಳುತ್ತೀರಿ. ನಾನು ಮಾತಾಡಬೇಕೆಂದಿರುವುದು ಈ ಸೆಮಿಸ್ಟರಿನ ಯಾವುದೋ ಒಂದು ಮಂಗಳವಾರದ ಬಗ್ಗೆ. ಅವತ್ತು ಪರೀಕ್ಷೆ ಇಲ್ಲ, ಫಂಕ್ಷನ್ ಇಲ್ಲ, ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಒಂದು ಕ್ಲಾಸು, ಮಧ್ಯಾಹ್ನ ಪ್ರಾಜೆಕ್ಟ್ ಗೈಡ್ ಹತ್ತಿರ ಹೋಗಿ ಮುಖ ತೋರಿಸುವುದು, ಮಿಕ್ಕಿದ್ದೆಲ್ಲ ಖಾಲಿ. ಈ ವರ್ಷದ ಮುಕ್ಕಾಲು ಭಾಗ ಇಂಥ ಮಂಗಳವಾರಗಳೇ.

ಆ ಖಾಲಿಯೇ ವಿಚಿತ್ರ. ಮೊದಲ ವರ್ಷ ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಾಸು, ಲ್ಯಾಬು. ಆದರೂ ಅಸೈನ್‌ಮೆಂಟು ಹೇಗೋ ಮುಗಿಯುತ್ತಿತ್ತು. ಈಗ ದಿನಕ್ಕೆ ಎರಡು ಗಂಟೆ ಕ್ಲಾಸಿದ್ದರೆ ಜಾಸ್ತಿ. ಆದರೂ ರಾತ್ರಿ ಮಲಗುವಾಗ ಇವತ್ತು ಏನೂ ಆಗಲಿಲ್ಲ ಅನ್ನಿಸುತ್ತದೆ, ಅಲ್ವಾ? ಮನೆಯವರು ಇದನ್ನು ಸೋಮಾರಿತನ ಅನ್ನಬಹುದು. ನಾನು ಅನ್ನುವುದಿಲ್ಲ. ಇಷ್ಟು ವರ್ಷ ನಿಮ್ಮ ಹೊತ್ತನ್ನು ಟೈಮ್‌ಟೇಬಲ್ ನೋಡಿಕೊಳ್ಳುತ್ತಿತ್ತು. ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು ಅಂತ ಯಾರೋ ತಲೆ ಕೆಡಿಸಿಕೊಂಡು ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದರು. ಆ ಕೆಲಸ ಈಗ ಸದ್ದಿಲ್ಲದೆ ನಿಮ್ಮ ಹೆಗಲಿಗೆ ಬಂದಿದೆ. ಬಂತು ಅಂತ ಯಾರೂ ಹೇಳಲಿಲ್ಲ, ಅಷ್ಟೆ.

ಕಾಲೇಜು ನಮಗಾಗಿ ಸುಮ್ನೆ ಮಾಡಿಕೊಡುತ್ತಿದ್ದ ಕೆಲಸಗಳು ಬಹಳ ಇವೆ. ಕೊನೆಯ ಸೆಮಿಸ್ಟರಿನಲ್ಲಿ ಅವು ಒಂದೊಂದಾಗಿ ನಿಲ್ಲುತ್ತವೆ. ಪದವಿ ಕೈಗೆ ಬಂದ ಮಾರನೇ ದಿನ ಎಲ್ಲವೂ ಒಟ್ಟಿಗೆ ನಿಂತಿರುವುದು ಗೊತ್ತಾಗುವುದಕ್ಕಿಂತ ಈಗಲೇ ಒಂದೊಂದಾಗಿ ಗುರುತಿಸಿ ಕೈಗೆತ್ತಿಕೊಳ್ಳುವುದು ಸಲೀಸು. ನಾನು ಹೇಳಲು ಬಂದಿದ್ದು ಇಷ್ಟೇ.

ಮೊದಲು ಪ್ರಾಜೆಕ್ಟ್ ವಿಷಯ. 1955ರಲ್ಲಿ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ ಸರ್ಕಾರಿ ಕಚೇರಿಗಳನ್ನು ಗೇಲಿ ಮಾಡುತ್ತಾ ಒಂದು ಮಾತು ಬರೆದ. ಕೆಲಸ ಮುಗಿಸಲು ಎಷ್ಟು ಹೊತ್ತು ಸಿಗುತ್ತದೋ ಅಷ್ಟೂ ಹೊತ್ತನ್ನು ತುಂಬುವ ತನಕ ಕೆಲಸ ಹಿಗ್ಗುತ್ತದೆ ಅಂತ. ತಮಾಷೆಗೆ ಬರೆದದ್ದು ಈಗ ನಿಯಮ ಅಂತಲೇ ಹೆಸರಾಗಿದೆ. ಆದರೆ ನಿಮ್ಮ ಕಥೆಗೆ ಅದಕ್ಕಿಂತ ಹತ್ತಿರದ ಒಂದು ಅಧ್ಯಯನ ಇದೆ. ರೋಜರ್ ಬ್ಯೂಲರ್ ಮತ್ತು ಇನ್ನಿಬ್ಬರು ಮನಶ್ಶಾಸ್ತ್ರಜ್ಞರು 1994ರಲ್ಲಿ ಅದನ್ನು ಪ್ರಕಟಿಸಿದರು. ಕೊನೆಯ ವರ್ಷದ 37 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ನಿಮ್ಮ ಥೀಸಿಸ್ ಇನ್ನೆಷ್ಟು ದಿನಕ್ಕೆ ಮುಗಿಯುತ್ತೆ ಅಂತ ಕೇಳಿದರು. ಅವರು ಹೇಳಿದ ಉತ್ತರಗಳ ಸರಾಸರಿ ಸುಮಾರು 34 ದಿನ. ಸರಿ, ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಅಂತ ಮತ್ತೆ ಕೇಳಿದರು. ಆಗ ಸುಮಾರು 49 ದಿನ ಅಂದರು. ಕೊನೆಗೆ ನಿಜವಾಗಿ ಹಿಡಿದದ್ದು ಸುಮಾರು 55 ದಿನ.

ಇಲ್ಲಿ ಗಮನಿಸಿ. ಮೊದಲ ಲೆಕ್ಕ ತಪ್ಪುವುದು ಸಹಜ. ಆದರೆ ಎಲ್ಲ ಕೆಡುಕನ್ನೂ ಊಹಿಸಿಕೊಂಡು ಹಾಕಿದ ಲೆಕ್ಕಕ್ಕಿಂತಲೂ ಜಾಸ್ತಿ ದಿನ ಬೇಕಾಯಿತು. ಯಾಕೆ ಅಂದರೆ ಲೆಕ್ಕ ಹಾಕುವಾಗ ನಾವು ಮುಂದಿನ ಕೆಲಸವನ್ನೇ ಕಣ್ಮುಂದೆ ತಂದುಕೊಳ್ಳುತ್ತೇವೆ. ಮೊದಲ ಅಧ್ಯಾಯ, ಎರಡನೇ ಅಧ್ಯಾಯ, ಮುಗೀತು. ಹಿಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಎಷ್ಟು ದಿನ ತಿಂದಿತ್ತು ಅನ್ನೋದು ನೆನಪಿಗೇ ಬರುವುದಿಲ್ಲ. ಬಂದರೂ, ಆಗ ಲ್ಯಾಪ್‌ಟಾಪ್ ಕೆಟ್ಟಿತ್ತು, ಅದು ಬೇರೆ ವಿಷಯ ಅಂತ ತಳ್ಳಿಹಾಕುತ್ತೇವೆ. ಪ್ರತಿ ಸಲವೂ ಏನೋ ಒಂದು ಬೇರೆ ವಿಷಯ ಇದ್ದೇ ಇರುತ್ತದೆ. ಹಾಗಾಗಿ ಊಹೆ ಬೇಡ. ಹಳೆಯ ಕೆಲಸಕ್ಕೆ ಹಿಡಿದ ದಿನಗಳನ್ನೇ ಹೊಸ ಕೆಲಸಕ್ಕೂ ಇಟ್ಟುಕೊಳ್ಳಿ. ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ.

ಇನ್ನು ರಿಪೋರ್ಟ್. ನಾನು ನೋಡುವ ಹೆಚ್ಚಿನ ಕಡತಗಳ ಹೆಸರು 'ಫೈನಲ್'. ಅದರ ಪಕ್ಕದಲ್ಲೇ 'ಫೈನಲ್ ನ್ಯೂ'. ಆಮೇಲೆ 'ಫೈನಲ್ ನ್ಯೂ ಕರೆಕ್ಟೆಡ್ 2'. ಸಬ್ಮಿಟ್ ಮಾಡಿದ್ದು ಯಾವುದು ಅಂತ ಕೇಳಿದರೆ ನಾಲ್ಕು ಜನರ ಟೀಮಿನಲ್ಲಿ ನಾಲ್ಕು ಉತ್ತರ ಬರುತ್ತದೆ. ಹೆಸರಿನಲ್ಲಿ ದಿನಾಂಕ ಹಾಕಿ, ಇಸವಿ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಆಗ ಕಡತಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಪುಟಸಂಖ್ಯೆ ಕೂಡ ಹೀಗೇ. ಮುನ್ನುಡಿ, ಪರಿವಿಡಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ ಮಾಮೂಲಿ ಅಂಕಿ ಇರಬೇಕು ಅಂತ ಬಹಳ ಕಡೆ ನಿಯಮ ಇದೆ. ವರ್ಡ್‌ನಲ್ಲಿ ಅದಕ್ಕೆ ಸೆಕ್ಷನ್ ಬ್ರೇಕ್, ಅಂದರೆ ಕಡತವನ್ನು ಭಾಗ ಮಾಡುವ ಗುರುತು, ಹಾಕಬೇಕು. ಐದು ನಿಮಿಷದ ಕೆಲಸ. ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ ಕಲಿಯಲು ಹೊರಟರೆ ಮಾತ್ರ ಬೆಳಗಾಗುತ್ತದೆ.

ಬೇರೆಯವರ ಬರಹ ಕದ್ದಿದ್ದೀರಾ ಅಂತ ನೋಡುವ ಪ್ಲೇಜಿಯರಿಸಂ ಚೆಕ್ ಬಗ್ಗೆಯೂ ಸುಮ್ನೆ ಭಯ ಇದೆ. ಆ ಸಾಫ್ಟ್‌ವೇರ್ ಮಾಡುವುದು ಹೋಲಿಕೆ. ನಿಮ್ಮ ಸಾಲುಗಳನ್ನು ತನ್ನ ಬಳಿ ಇರುವ ಬರಹಗಳ ಜೊತೆ ಇಟ್ಟು ನೋಡಿ, ಎಷ್ಟು ಪಾಲು ಹೊಂದುತ್ತದೆ ಅಂತ ಶೇಕಡಾ ಲೆಕ್ಕ ಕೊಡುತ್ತದೆ. ಕದ್ದದ್ದೋ ಅಲ್ಲವೋ ಅಂತ ಅದಕ್ಕೆ ಗೊತ್ತಿಲ್ಲ. ನೀವು ಉದ್ಧರಣ ಚಿಹ್ನೆ ಹಾಕಿ ಸರಿಯಾಗಿ ಬಳಸಿದ ಮಾತು, ಆಧಾರಗಳ ಪಟ್ಟಿ, ಇವೂ ಆ ಲೆಕ್ಕಕ್ಕೆ ಸೇರಬಹುದು. ಅದಕ್ಕೇ ಬರೀ ಅಂಕಿ ನೋಡಿ ಗಾಬರಿಯಾಗಬೇಡಿ, ಬಣ್ಣ ಬಂದಿರುವ ಸಾಲುಗಳನ್ನು ಓದಿ. ಅಂಕಿ ಕಮ್ಮಿ ಬಂತು ಅಂತ ಬೀಗಲೂ ಬೇಡಿ. ಬೇರೆಯವರ ವಿಚಾರವನ್ನು ಪದ ಬದಲಿಸಿ ಬರೆದು ಹೆಸರು ಹೇಳದಿದ್ದರೆ ಅದೂ ಕಳ್ಳತನವೇ. ಯಂತ್ರ ಹಿಡಿಯದಿದ್ದರೂ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಪರೀಕ್ಷೆ ಓದುವ ಬಗ್ಗೆ ಒಂದೇ ಮಾತು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಎಲ್ಲ ಬರುತ್ತೆ ಅನ್ನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಓದಿ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದೆ ಹೋಗಿದ್ದರು. ನಿಮ್ಮ ಪರೀಕ್ಷೆ ಇರುವುದು ಐದು ನಿಮಿಷ ಬಿಟ್ಟಲ್ಲ.

ಈಗ 'ಮುಂದೇನು?' ಅನ್ನುವ ಪ್ರಶ್ನೆ. ಇದನ್ನು ಕೇಳದವರೇ ಇಲ್ಲ. ಕೇಳುವವರಲ್ಲಿ ಅರ್ಧ ಜನಕ್ಕೆ ಉತ್ತರ ಬೇಕಾಗಿಯೂ ಇಲ್ಲ, ಮಾತಿಗೆ ಕೇಳುತ್ತಾರೆ. ನೋಡ್ತಾ ಇದ್ದೀನಿ ಅಂದರೆ ಸಾಕು. ಆದರೆ ಎಲ್ಲರ ಹತ್ತಿರವೂ ಅಷ್ಟಕ್ಕೇ ನಿಲ್ಲಿಸಬೇಡಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರ ತಮ್ಮ ಲೇಖನದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಅಮೆರಿಕದ ಬಾಸ್ಟನ್ ಬಳಿ ಆಗಷ್ಟೇ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿ ಆಗುತ್ತಿದ್ದವರು ನೂರಕ್ಕೆ 17 ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಜನರಿಂದ. ಕಾರಣ ಸರಳ. ದಿನಾ ಜೊತೆಗಿರುವ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಿಮಗೆ ಗೊತ್ತಿರುವುದೇ. ಬೇರೆ ಕಡೆ ಓಡಾಡುವವರ ಬಳಿ ಬೇರೆ ಸುದ್ದಿ ಇರುತ್ತದೆ.

ಹಾಗಾಗಿ ಎರಡು ವರ್ಷದ ಹಿಂದೆ ಪಾಸಾಗಿ ಹೋದ ಸೀನಿಯರ್, ನಿಮ್ಮ ಮುಖ ಗೊತ್ತಿದೆ, ಹೆಸರು ಮರೆತಿದ್ದಾರೆ ಅನ್ನುವಂಥವರಿಗೆ ಮೆಸೇಜ್ ಮಾಡಲು ಸಂಕೋಚ ಬೇಡ. ಬರೀ 'ಹಾಯ್' ಅಂತ ಕಳಿಸಿ ಕಾಯಬೇಡಿ. ನಾನು ಯಾರು, ಏನು ಓದುತ್ತಿದ್ದೇನೆ, ನಿಮ್ಮಿಂದ ಏನು ತಿಳಿಯಬೇಕು, ಮೂರು ಸಾಲು ಸಾಕು. ಕೆಲಸ ಕೊಡಿಸಿ ಅಂತ ಕೇಳಿದರೆ ಅವರು ಹಿಂಜರಿಯುತ್ತಾರೆ. ನಿಮ್ಮ ಕೆಲಸ ಹೇಗಿರುತ್ತೆ ಅಂತ ಕೇಳಿದರೆ ಬಹಳ ಮಂದಿ ಖುಷಿಯಿಂದ ಹೇಳುತ್ತಾರೆ.

ಈ ಹುಡುಕಾಟದಲ್ಲಿ ಇನ್ನೊಂದು ಕಷ್ಟ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೊನ್ನೆ ಲೈಬ್ರರಿಯಲ್ಲಿ ಇಬ್ಬರು ಗೆಳತಿಯರು ಒಂದೇ ಮೇಜಿನಲ್ಲಿ ಕೂತಿದ್ದರು. ಒಬ್ಬಳ ಫೋನಿಗೆ ಮೇಲ್ ಬಂತು. ನೋಡಿದಳು, ಮುಖ ಅರಳಿತು, ಅಷ್ಟರಲ್ಲೇ ಪಕ್ಕದವಳನ್ನು ನೋಡಿ ಫೋನ್ ಮಗುಚಿ ಇಟ್ಟಳು. ಪಕ್ಕದವಳು ತಲೆ ಎತ್ತದೆ, "ಬಂತಾ? ಹೇಳೇ, ಪರವಾಗಿಲ್ಲ" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೊದಲನೆಯವಳು, "ನಿನ್ನ ಇಂಟರ್ವ್ಯೂ ಗುರುವಾರ ಅಲ್ವಾ, ನಾನು ಪ್ರಶ್ನೆ ಕೇಳ್ತೀನಿ, ನೀನು ಹೇಳು" ಅಂತ ಪುಸ್ತಕ ಮುಚ್ಚಿದಳು. ಸ್ನೇಹ ಉಳಿಯುವುದಾದರೆ ಹೀಗೇ ಉಳಿಯುತ್ತದೆ ಅಂತ ನನ್ನ ಅನಿಸಿಕೆ. ಖುಷಿಯನ್ನು ಮುಚ್ಚಿಟ್ಟರೆ ಇಬ್ಬರಿಗೂ ಉಸಿರು ಕಟ್ಟುತ್ತದೆ.

ಸ್ನೇಹದ ಮಾತು ಬಂತಲ್ಲ. ನಾವು ಗೆಳೆಯರನ್ನು ಆರಿಸಿಕೊಂಡೆವು ಅಂದುಕೊಳ್ಳುತ್ತೇವೆ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಮದುವೆಯಾದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರು ಯಾರಿಗೆ ಆಪ್ತರಾದರು ಅಂತ ನೋಡಿದರು. 1950ರಲ್ಲಿ ಅದು ಪ್ರಕಟವಾಯಿತು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರು ಅಂದವರು ನೂರಕ್ಕೆ 41. ಅದೇ ಮಹಡಿಯ ಎರಡು ತುದಿಗಳಲ್ಲಿ ಇದ್ದವರಲ್ಲಿ ಬರೀ 10. ಮನೆಗಳ ನಡುವಿನ ದೂರ ಅಂದರೆ ಕೆಲವೇ ಹೆಜ್ಜೆ. ರೋಲ್ ನಂಬರ್ ಪಕ್ಕದಲ್ಲಿದ್ದದ್ದಕ್ಕೇ ನಿಮ್ಮ ಲ್ಯಾಬ್ ಪಾರ್ಟ್ನರ್ ಇವತ್ತು ಜೀವದ ಗೆಳೆಯ ಆಗಿದ್ದಾನೆ, ಯೋಚಿಸಿ ನೋಡಿ.

ಜೆಫ್ರಿ ಹಾಲ್ ಎಂಬ ಸಂಶೋಧಕ 2018ರಲ್ಲಿ ಇದನ್ನೇ ಗಂಟೆಗಳಲ್ಲಿ ಅಳೆದರು. ಬರೀ ಪರಿಚಯ ಸಾಮಾನ್ಯ ಸ್ನೇಹ ಆಗಲು ಸುಮಾರು 50 ಗಂಟೆ ಜೊತೆಗಿರಬೇಕು, ತೀರಾ ಹತ್ತಿರದ ಗೆಳೆತನಕ್ಕೆ 200ಕ್ಕೂ ಹೆಚ್ಚು. ಕಾಲೇಜಿನಲ್ಲಿ ಈ ಗಂಟೆಗಳು ಪುಕ್ಕಟೆ. ಕ್ಲಾಸಿನ ನಡುವಿನ ಬಿಡುವು, ಬಾರದ ಲೆಕ್ಚರರ್‌ಗೆ ಕಾಯುವುದು, ಮೆಟ್ಟಿಲ ಮೇಲೆ ಕೂರುವುದು. ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ. ಇನ್ನು ಮುಂದೆ ಕರೆಯಬೇಕು. ಯಾರಾದರೂ ಒಬ್ಬರು ಮೊದಲು ಫೋನ್ ಮಾಡಬೇಕು, ದಿನ ಗೊತ್ತು ಮಾಡಬೇಕು. ಬೀಳ್ಕೊಡುಗೆ ದಿನ ಅಪ್ಪಿಕೊಂಡು ಅತ್ತವರು ಆರು ತಿಂಗಳಿಗೆ ಮಾತು ಬಿಟ್ಟರೆ ಅದು ಮೋಸ ಅಲ್ಲ. ಮೊದಲು ಕಾರಿಡಾರ್ ಮಾಡುತ್ತಿದ್ದ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ, ಅಷ್ಟೆ. ನಿಮ್ಮ ಗುಂಪಿನಲ್ಲಿ ಎಲ್ಲರನ್ನೂ ಒಟ್ಟು ಸೇರಿಸುವ ಒಬ್ಬ ಪ್ರಾಣಿ ಇರುತ್ತಾನಲ್ಲ, ಎಲ್ಲರೂ ರೇಗಿಸುವವನು, ಅವನನ್ನು ಚೆನ್ನಾಗಿ ನೋಡಿಕೊಳ್ಳಿ.

ಈಗೀಗ ಎಲ್ಲದಕ್ಕೂ 'ಕೊನೆಯ' ಅಂತ ಸೇರಿಸುವ ಚಾಳಿ ಬಂದಿದೆ. ಕೊನೆಯ ಲ್ಯಾಬ್, ಕೊನೆಯ ಇಂಟರ್ನಲ್ಸ್, ಕೊನೆಯ ಬಂಕ್. ಪ್ರತಿಯೊಂದಕ್ಕೂ ಫೋಟೋ. ನನಗಂತೂ ನೋಡಿಯೇ ಸುಸ್ತಾಗುತ್ತದೆ. ಆದರೂ ತೆಗೆಯಿರಿ, ಬೇಡ ಅನ್ನಲು ನಾನ್ಯಾರು? ಆ ಫೋಟೋಗಳನ್ನು ಎಲ್ಲಿ ಇಟ್ಟಿದ್ದೀರಿ ಅನ್ನುವುದು ನನ್ನ ಪ್ರಶ್ನೆ.

ಕಾಲೇಜು ಕೊಟ್ಟ ಇಮೇಲ್, ಅದರ ಜೊತೆ ಬಂದ ಕ್ಲೌಡ್ ಜಾಗ, ವಿದ್ಯಾರ್ಥಿ ಲೈಸೆನ್ಸಿನ ಸಾಫ್ಟ್‌ವೇರ್, ಲೈಬ್ರರಿಯ ಆನ್‌ಲೈನ್ ಜರ್ನಲ್‌ಗಳು, ಇವೆಲ್ಲ ನೀವು ವಿದ್ಯಾರ್ಥಿ ಆಗಿರುವ ತನಕ. ಪದವಿ ಮುಗಿದ ಮೇಲೆ ಬಹಳಷ್ಟು ಕಾಲೇಜುಗಳು ಆ ಖಾತೆಗಳನ್ನು ಮುಚ್ಚುತ್ತವೆ. ನೀವು ಅದೇ ಇಮೇಲಿನಿಂದ ಎಷ್ಟು ಕಡೆ ಖಾತೆ ತೆರೆದಿದ್ದೀರಿ? ಪ್ರಾಜೆಕ್ಟ್ ಕೋಡ್, ಇಂಟರ್ನ್‌ಶಿಪ್ ಪತ್ರ, ಕೆಲಸಕ್ಕೆ ಹಾಕಿದ ಅರ್ಜಿಗಳು? ಇಮೇಲ್ ಮುಚ್ಚಿದ ಮೇಲೆ ಪಾಸ್‌ವರ್ಡ್ ಮರೆತರೆ, ಹೊಸದು ಮಾಡಿಕೊಳ್ಳುವ ಲಿಂಕ್ ಹೋಗುವುದು ಆ ಮುಚ್ಚಿದ ಬಾಗಿಲಿಗೇ. ಇವತ್ತು ಸಂಜೆಯೇ ಕೂತು ಒಂದೊಂದರಲ್ಲೂ ಸ್ವಂತ ಇಮೇಲ್ ಹಾಕಿ, ಕಡತಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಬೇಜಾರಿನ ಕೆಲಸ, ಗೊತ್ತು. ಖಾಲಿ ಮಂಗಳವಾರಕ್ಕೆ ಹೇಳಿ ಮಾಡಿಸಿದ ಕೆಲಸವೂ ಹೌದು.

ಹಾಗೇ ನಿಮ್ಮ ಹೆಸರು. ಅಂಕಪಟ್ಟಿಯಲ್ಲಿ, ಗುರುತಿನ ಚೀಟಿಯಲ್ಲಿ, ಪಾಸ್‌ಪೋರ್ಟ್ ಇದ್ದರೆ ಅದರಲ್ಲಿ, ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ಪದವಿ ಪತ್ರ ಅಚ್ಚಾಗುವ ಮೊದಲು ಅಕ್ಷರ ತಿದ್ದಿಸಲು ಒಂದು ಅರ್ಜಿ ಸಾಕಾಗಬಹುದು. ಅಚ್ಚಾದ ಮೇಲೆ ಅದೇ ಅಕ್ಷರಕ್ಕೆ ಮೇಜಿಂದ ಮೇಜಿಗೆ ಅಲೆಯಬೇಕು.

ಮುಂದೆ ಓದುವ ಯೋಚನೆ ಇದ್ದರೆ ಶಿಫಾರಸು ಪತ್ರವನ್ನೂ ಈಗಲೇ ಕೇಳಿ. ನಾವು ಲೆಕ್ಚರರ್‌ಗಳು ಮರೆಯುವುದಿಲ್ಲ ಅಂತಲ್ಲ, ಖಂಡಿತ ಮರೆಯುತ್ತೇವೆ. ಪ್ರತಿ ವರ್ಷ ಹೊಸ ಮುಖಗಳು. ಕೇಳುವಾಗ ಯಾವ ಪ್ರಾಜೆಕ್ಟ್ ಮಾಡಿದಿರಿ, ಅದರಲ್ಲಿ ನಿಮ್ಮ ಪಾಲೇನು ಅಂತ ಅರ್ಧ ಪುಟ ಬರೆದು ಕೊಡಿ. ಇಲ್ಲದಿದ್ದರೆ ಒಳ್ಳೆಯ ವಿದ್ಯಾರ್ಥಿ, ಶಿಸ್ತಿನವನು ಅಂತ ಬರೆದುಬಿಡುತ್ತೇವೆ. ಅಂಥ ಪತ್ರದಿಂದ ಯಾರಿಗೂ ಸೀಟು ಸಿಗುವುದಿಲ್ಲ.

ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ನಿಮಗೆ ಗೊತ್ತಿದ್ದದ್ದೇ ಇರಬಹುದು. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸುತ್ತಿದ್ದಾರೆ, ಇಲ್ಲಿಂದಲೇ ಕಾಣುತ್ತಿದೆ. ಮುಂದುವರಿಸಿ, ನನಗೇನೂ ಬೇಜಾರಿಲ್ಲ. ಮಿಕ್ಕವರು ಪ್ರಶ್ನೆ ಇದ್ದರೆ ಕೇಳಿ. ಸಬ್ಮಿಷನ್ ಡೇಟ್ ಮುಂದೆ ಹಾಕ್ತೀರಾ ಅನ್ನುವುದೊಂದನ್ನು ಬಿಟ್ಟು.