ಹ್ಯಾಗಿಸ್: ಬಿಸಿ ಇರುವಾಗಲೇ ತಿನ್ನಿ

ಕೇಳುಗರೇ, ನಮಸ್ಕಾರ.

ಜನವರಿ ಕೊನೆಯಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಂಥ ಒಂದು ಚಳಿಯ ಸಂಜೆ ನಾನು ಮೊದಲ ಸಲ ಹ್ಯಾಗಿಸ್ ತಿಂದೆ. ತಟ್ಟೆಯಲ್ಲಿ ಹಬೆಯಾಡುವ ಕಂದು ಬಣ್ಣದ ಖೀಮಾ, ಪಕ್ಕದಲ್ಲಿ ಹಳದಿಯದೊಂದು, ಬಿಳಿಯದೊಂದು ಗುಡ್ಡೆ. ಪಕ್ಕ ಕೂತಿದ್ದ ಗೆಳತಿ, "ಮೊದಲು ತಿನ್ನು, ಏನಿದೆ ಅಂತ ಆಮೇಲೆ ಹೇಳ್ತೀನಿ" ಅಂದಳು. ನನಗೆ ಅದು ಮೊದಲೇ ಗೊತ್ತಿತ್ತು. ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶ. ಇವನ್ನು ಬೇಯಿಸಿ, ಸಣ್ಣಗೆ ಕೊಚ್ಚಿ, ಈರುಳ್ಳಿ, ಓಟ್ಸ್, ಕುರಿಯ ಕೊಬ್ಬು, ಮಸಾಲೆ ಸೇರಿಸಿ, ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬಿ ಮತ್ತೆ ಬೇಯಿಸುತ್ತಾರೆ. ಬೋಟಿ ಗೊಜ್ಜು, ಈಲಿ ಫ್ರೈ ತಿಂದು ಬೆಳೆದ ನನಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ.

ಬಾಯಿಗಿಟ್ಟಾಗ ಮೊದಲು ಗೊತ್ತಾಗಿದ್ದು ಮಾಂಸವಲ್ಲ, ಕಾಳುಮೆಣಸು. ಅದರ ಖಾರ ಗಂಟಲಲ್ಲಿ ನಿಧಾನಕ್ಕೆ ಏಳುತ್ತದೆ. ಹಿಂದೆಯೇ ಜಾಯಿಕಾಯಿಯ ಘಮ. ಆಮೇಲೆ ಓಟ್ಸ್. ನುಣ್ಣಗೆ ಕರಗಿಹೋಗುವುದಿಲ್ಲ, ತರಿತರಿಯಾಗಿ ಹಲ್ಲಿಗೆ ಸಿಗುತ್ತದೆ. ಕೊಬ್ಬನ್ನೂ ಮಾಂಸದ ರಸವನ್ನೂ ಹೀರಿಕೊಂಡು ಉಬ್ಬಿರುವುದು ಆ ಓಟ್ಸೇ. ಸ್ಕಾಟ್ಲೆಂಡಿನ ತಂಪು, ತೇವದ ನೆಲದಲ್ಲಿ ಗೋಧಿಗಿಂತ ಅದು ಚೆನ್ನಾಗಿ ಬೆಳೆಯುತ್ತದೆ. ಹಳೇ ಮೈಸೂರಿನವರಿಗೆ ರಾಗಿ ಹೇಗೋ, ಅವರಿಗೆ ಇದು ಹಾಗೆ.

ಕುರಿ ಕಡಿದ ದಿನ ಮೊದಲು ಕೆಡುವುದು ಒಳಗಿನ ಭಾಗಗಳು. ಅವನ್ನು ಬಿಸಾಡದೆ, ಕುರಿಯ ಹೊಟ್ಟೆಯನ್ನೇ ಪಾತ್ರೆ ಮಾಡಿಕೊಂಡು ಬೇಯಿಸಿದ ಜನರ ಬುದ್ಧಿಯ ಬಗ್ಗೆ ನನಗೆ ತುಂಬ ಗೌರವವಿದೆ.

ಈ ಬಡವರ ಊಟವನ್ನು ಹಾಡಿ ಮೆರೆಸಿದ ಕವಿ ರಾಬರ್ಟ್ ಬರ್ನ್ಸ್. ಹುಟ್ಟಿದ್ದು 1759ರ ಜನವರಿ 25, ಅಲೋವೇ ಎಂಬ ಹಳ್ಳಿಯಲ್ಲಿ. 1786ರಲ್ಲಿ ಹ್ಯಾಗಿಸ್ ಮೇಲೆ ಒಂದು ಪದ್ಯ ಬರೆದರು. ಫ್ರೆಂಚರ ನಾಜೂಕು ಅಡುಗೆ ತಿನ್ನುವವರು ಬಲವಿಲ್ಲದವರು, ಹ್ಯಾಗಿಸ್ ತಿಂದವನ ಹೆಜ್ಜೆಗೆ ನೆಲ ನಡುಗುತ್ತದೆ ಅಂತ ಅದರಲ್ಲಿ ಹೊಗಳಿದ್ದಾರೆ. ಪ್ರತಿ ವರ್ಷ ಅವರ ಹುಟ್ಟುಹಬ್ಬದ ರಾತ್ರಿ ಬ್ಯಾಗ್‌ಪೈಪ್ ಊದುತ್ತಾ ಹ್ಯಾಗಿಸನ್ನು ಮೆರವಣಿಗೆಯಲ್ಲಿ ತರುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಒಬ್ಬರು ಪದ್ಯ ಹೇಳುತ್ತಾರೆ. ಅದರಲ್ಲಿ ಚಾಕುವಿನ ಮಾತು ಬಂದ ಕೂಡಲೇ ನಿಜವಾಗಿಯೂ ಚಾಕು ಎತ್ತಿ ಚೀಲ ಸೀಳುತ್ತಾರೆ. ಬುಸ್ ಅಂತ ಹಬೆ ಏಳುತ್ತದೆ. ಆ ಕ್ಷಣ ನನ್ನ ಮೈ ಜುಮ್ಮೆಂದಿತು.

ಜೊತೆಗೆ ಬಡಿಸುವುದು ನೀಪ್ಸ್ ಮತ್ತು ಟ್ಯಾಟೀಸ್. ಟ್ಯಾಟೀಸ್ ಅಂದರೆ ಆಲೂಗಡ್ಡೆ. ನೀಪ್ಸ್ ಅಲ್ಲಿಯ ಹಳದಿ ಗೆಡ್ಡೆ, ನಮ್ಮ ನವಿಲುಕೋಸಿನ ಕುಲಕ್ಕೇ ಸೇರಿದ್ದು. ಎರಡನ್ನೂ ಬೇಯಿಸಿ, ಬೆಣ್ಣೆ ಹಾಕಿ ಮಸೆದಿರುತ್ತಾರೆ. ಗೆಡ್ಡೆಯ ಸಿಹಿ ಇಲ್ಲದೆ ಬರೀ ಹ್ಯಾಗಿಸ್ ತಿಂದರೆ ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಮೂರನ್ನೂ ಒಂದೇ ಚಮಚದಲ್ಲಿ ತೆಗೆದುಕೊಳ್ಳಿ. ಆರಲು ಮಾತ್ರ ಬಿಡಬೇಡಿ. ಆರಿದರೆ ಕುರಿಯ ಕೊಬ್ಬು ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ. ಹ್ಯಾಗಿಸ್ ಚೆನ್ನಾಗಿರಲಿಲ್ಲ ಅನ್ನುವವರಲ್ಲಿ ಎಷ್ಟೋ ಜನ ತಣ್ಣಗಾದದ್ದನ್ನು ತಿಂದಿರುತ್ತಾರೆ ಅಂತ ನನ್ನ ನಂಬಿಕೆ.

ಅಂಗಡಿಯಲ್ಲಿ ಸಿಗುವ ಹ್ಯಾಗಿಸ್ ಸಾಮಾನ್ಯವಾಗಿ ಮೊದಲೇ ಬೆಂದಿರುತ್ತದೆ. ನಾವು ಮಾಡಬೇಕಾದದ್ದು ಒಳಗಿನವರೆಗೂ ಬಿಸಿ ಮಾಡುವುದಷ್ಟೇ. ಮನೆಯಲ್ಲಿ ಮೊದಲ ಸಲ ನೀರನ್ನು ಜೋರಾಗಿ ಕುದಿಸಿದೆ, ಚೀಲ ಒಡೆದು ಅರ್ಧ ನೀರುಪಾಲಾಯಿತು. ನೋಡಿ ಸಂಕಟವಾಯಿತು. ಈಗ ಫಾಯಿಲ್‌ನಲ್ಲಿ ಸುತ್ತಿ, ಟ್ರೇಗೆ ಸ್ವಲ್ಪ ನೀರು ಹಾಕಿ, ಓವನ್‌ನಲ್ಲಿ ನಿಧಾನಕ್ಕೆ ಬಿಸಿ ಮಾಡುತ್ತೇನೆ. ಇವತ್ತು ಹೆಚ್ಚಿನವಕ್ಕೆ ಕೃತಕ ಹೊದಿಕೆ ಇರುತ್ತದೆ. ಅದನ್ನು ಸೀಳಿ, ಒಳಗಿನದನ್ನು ಮಾತ್ರ ಬಡಿಸಿಕೊಳ್ಳಿ.

ಗಡಿಬಿಡಿಯಲ್ಲಿದ್ದರೆ ಚಿಪ್ಸ್ ಅಂಗಡಿಗೆ ಹೋಗಿ 'ಹ್ಯಾಗಿಸ್ ಸಪ್ಪರ್' ಕೇಳಿ. ಹಿಟ್ಟಿನಲ್ಲಿ ಅದ್ದಿ ಕರಿದ ಹ್ಯಾಗಿಸ್, ಜೊತೆಗೆ ರಾಶಿ ಚಿಪ್ಸ್, ಅಂದರೆ ಉದ್ದುದ್ದ ಕತ್ತರಿಸಿ ಕರಿದ ಆಲೂಗಡ್ಡೆ. ಎಡಿನ್‌ಬರಾದಲ್ಲಾದರೆ ಉಪ್ಪಿನ ಜೊತೆ ಹುಳಿಹುಳಿಯಾದ ಕಂದು ಸಾಸ್, ಗ್ಲಾಸ್ಗೋದಲ್ಲಾದರೆ ಉಪ್ಪು ಮತ್ತು ವಿನಿಗರ್. ಹೋಟೆಲುಗಳಲ್ಲಿ ಕೋಳಿಯ ಎದೆಮಾಂಸದೊಳಗೆ ಹ್ಯಾಗಿಸ್ ತುಂಬಿ, ಬೇಕನ್ ಎಂಬ ಹಂದಿಮಾಂಸದ ಪಟ್ಟಿ ಸುತ್ತಿ, ವಿಸ್ಕಿ ಸಾಸ್ ಹಾಕಿ ಕೊಡುತ್ತಾರೆ. ಅದರಲ್ಲಿ ಹ್ಯಾಗಿಸಿನ ರುಚಿ ಮುಚ್ಚಿಹೋಗುತ್ತದೆ ಅಂತ ನನಗನಿಸಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹ್ಯಾಗಿಸ್ ಪಕೋಡ. ಹೌದು, ನಮ್ಮ ಪಕೋಡವೇ! ಭಾರತ, ಪಾಕಿಸ್ತಾನಗಳಿಂದ ಹೋಗಿ ನೆಲೆಸಿದವರ ಅಡುಗೆ ಸ್ಕಾಟ್ಲೆಂಡಿನ ಊಟಕ್ಕೆ ಸೇರಿಕೊಂಡದ್ದಕ್ಕೆ ಇದಕ್ಕಿಂತ ರುಚಿಯಾದ ಸಾಕ್ಷಿ ಬೇಕಾ? ಹ್ಯಾಗಿಸನ್ನು ಉಂಡೆ ಕಟ್ಟಿ, ಮಸಾಲೆ ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಹುಳಿ ಚಟ್ನಿ ಜೊತೆ ತಿಂದರೆ ಕೊಬ್ಬು ಜಾಸ್ತಿ ಅನ್ನಿಸುವುದೇ ಇಲ್ಲ.

ಮಾಂಸ ತಿನ್ನದವರೂ ರೇಡಿಯೋ ಆರಿಸಬೇಡಿ. 1984ರಲ್ಲಿ ಎಡಿನ್‌ಬರಾದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆಂದು ಮ್ಯಾಕ್‌ಸ್ವೀನ್ ಎಂಬ ಅಂಗಡಿಯವರು ಸಸ್ಯಾಹಾರಿ ಹ್ಯಾಗಿಸ್ ಮಾಡಿದರು. ಓಟ್ಸ್, ರಾಜ್ಮಾ, ಬೇಳೆ, ತರಕಾರಿ, ಅದೇ ಮೆಣಸಿನ ಘಾಟು. ಈಗ ಅದು ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ನಮ್ಮ ಮನೆಗೆ ಬಂದ ಸಸ್ಯಾಹಾರಿ ನೆಂಟರು ಅದನ್ನು ಎರಡೆರಡು ಸಲ ಹಾಕಿಸಿಕೊಂಡರು.

ರಾತ್ರಿಯ ಮಾಂಸದ ಹ್ಯಾಗಿಸ್ ಉಳಿದರೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಬೆರಳ ದಪ್ಪಕ್ಕೆ ಬಿಲ್ಲೆ ಕತ್ತರಿಸಿ, ಕಾವಲಿ ಮೇಲೆ ಹಾಕಿ. ಎಣ್ಣೆ ಬೇಡ, ಅದರ ಕೊಬ್ಬೇ ಸಾಕು. ಅಂಚಿನ ಓಟ್ಸ್ ಕೆಂಪಗಾಗಿ ಚಟಪಟ ಅನ್ನುವವರೆಗೆ ಮುಟ್ಟಬೇಡಿ. ಆಮೇಲೆ ತಿರುವಿ ಹಾಕಿ, ಪಕ್ಕದಲ್ಲೇ ಒಂದು ಮೊಟ್ಟೆ ಒಡೆದುಬಿಡಿ.

ನಮಸ್ಕಾರ.