ಬೀಗದ ಕೈ ಮತ್ತು ಬಲೆ

ಸಭಿಕರೆ,

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಕಡಲಿನ ಸದ್ದೇ ಕೇಳದ ಈ ಬೆಂಗಳೂರಿನಲ್ಲಿ ಕುಳಿತು ನಾವಿಂದು ಉತ್ತರ ಅಟ್ಲಾಂಟಿಕ್‌ನ ಜನಪದ ಕಥೆಯೊಂದನ್ನು ವಿಚಾರಮಾಡಲಿದ್ದೇವೆ. ಫೆರೋ ದ್ವೀಪಗಳಲ್ಲೊಂದಾದ ಕಾಲ್ಸೋಯ್‌ನ ಮಿಕ್ಲಡಾಲುರ್ ಎಂಬ ಹಳ್ಳಿಯ ಕಥೆ ಅದು. ವರ್ಷಕ್ಕೊಂದು ರಾತ್ರಿ ಸೀಲ್ ಎಂಬ ಕಡಲ ಪ್ರಾಣಿಗಳು ದಡಕ್ಕೆ ಬಂದು, ತೊಗಲು ಕಳಚಿಟ್ಟು, ಮನುಷ್ಯರೂಪದಲ್ಲಿ ಕುಣಿಯುತ್ತವೆಂದು ಅಲ್ಲಿಯವರ ನಂಬಿಕೆ. ಹಾಗೆ ಬಂದವಳೊಬ್ಬಳ ತೊಗಲನ್ನು ಹಳ್ಳಿಯ ಯುವಕ ಕದಿಯುತ್ತಾನೆ. ಅದಿಲ್ಲದೆ ನೀರಿಗಿಳಿಯಲಾರದ ಆಕೆ ಅವನ ಹೆಂಡತಿಯಾಗುತ್ತಾಳೆ, ಮಕ್ಕಳನ್ನು ಹೆರುತ್ತಾಳೆ. ತೊಗಲು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಬೀಗದ ಕೈ ಸದಾ ಅವನ ಸೊಂಟದಲ್ಲಿದೆ.

ಒಂದು ದಿನ ಮೀನಿಗೆ ಹೋದವನಿಗೆ, ಬೀಗದ ಕೈ ಮನೆಯಲ್ಲೇ ಉಳಿಯಿತೆಂಬುದು ನಡುನೀರಿನಲ್ಲಿ ನೆನಪಾಗುತ್ತದೆ. ಓಡೋಡಿ ಬಂದು ನೋಡಿದರೆ ಹೆಂಡತಿ ಇಲ್ಲ. ಒಲೆಯ ಬೆಂಕಿ ಆರಿದೆ. ಚಾಕುಗಳೆಲ್ಲ ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟಿವೆ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಒಲೆ ಮತ್ತು ಈ ಚಾಕುಗಳು. ವರ್ಷಗಟ್ಟಲೆ ಸೆರೆಯಲ್ಲಿದ್ದವಳು, ಬಾಗಿಲು ತೆರೆದ ಗಳಿಗೆಯಲ್ಲೂ ತಾನು ಬಿಟ್ಟುಹೋಗುತ್ತಿರುವ ಮಕ್ಕಳ ಕ್ಷೇಮ ನೋಡಿಯೇ ಹೊರಟಿದ್ದಾಳೆ. ಅಷ್ಟು ನಂಬಿಕೆಗೆ ಅರ್ಹಳಾದವಳನ್ನು ಅವನು ಒಂದು ದಿನವೂ ನಂಬಲಿಲ್ಲ.

ಅವಳಿಗೆ ಬಿಡುಗಡೆ ಸಿಕ್ಕಿತು, ಆದರೆ ಅದು ಅವನ ಮರೆವಿನಿಂದ ಸಿಕ್ಕಿದ್ದು, ಅವನಾಗಿ ಕೊಟ್ಟದ್ದಲ್ಲ. ಆದ್ದರಿಂದಲೇ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದೊಮ್ಮೆ ಊರಿನವರು ಗುಹೆಯೊಂದರಲ್ಲಿ ಸೀಲ್ ಬೇಟೆಗೆ ಹೊರಡುವ ಹಿಂದಿನ ರಾತ್ರಿ ಆಕೆ ಅವನ ಕನಸಿನಲ್ಲಿ ಬಂದು, ಗುಹೆಯ ಬಾಯಲ್ಲಿ ಮಲಗಿರುವ ದೊಡ್ಡ ಗಂಡು ಸೀಲ್ ತನ್ನ ಸಂಗಾತಿ, ಒಳಗಿರುವ ಎರಡು ಮರಿಗಳು ತನ್ನವು, ಅವರನ್ನು ಉಳಿಸೆಂದು ಬೇಡಿಕೊಳ್ಳುತ್ತಾಳೆ. ವಂಚನೆಗೊಳಗಾದವಳೇ ಮತ್ತೊಮ್ಮೆ ನಂಬಿ ಕೇಳಿದ ಮಾತದು. ಅವನು ಲೆಕ್ಕಿಸದೆ ಅವರನ್ನೂ ಕೊಲ್ಲುತ್ತಾನೆ. ಆಕೆ ಊರಿಗೇ ಶಾಪವಿಡುತ್ತಾಳೆ. ನಮ್ಮ ಶಂತನು ಗಂಗೆಗೆ ಕೊಟ್ಟ ಮಾತು ಮುರಿದಾಗಲೂ ಆಕೆ ಹೊರಟುಹೋಗುತ್ತಾಳೆ. ಆದರೆ ಮಗನನ್ನು ಬೆಳೆಸಿ ಮರಳಿ ತಂದೊಪ್ಪಿಸುತ್ತಾಳೆ. ಮಿಕ್ಲಡಾಲುರಿನ ಕಥೆಗೆ ಆ ಸಮಾಧಾನವಿಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ನಿಜಸಂಗತಿ ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದೆ. ಗುಜರಾತಿನ ವೆರಾವಲ್ ಸುತ್ತಮುತ್ತ ತಿಮಿಂಗಿಲ ಶಾರ್ಕ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಬೇಟೆಯಾಡುತ್ತಿದ್ದರು. ಅದರ ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. ಸಣ್ಣ ಜೀವಿಗಳನ್ನು ಸೋಸಿ ತಿನ್ನುವ, ಯಾರಿಗೂ ಕೇಡು ಮಾಡದ ಈ ಮೀನು ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. 2001ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಆದರೆ ಮನಸ್ಸು ತಿರುಗಿಸಿದ್ದು 2004ರಲ್ಲಿ ಆರಂಭವಾದ ಅಭಿಯಾನ. ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಜನ ಅದನ್ನು 'ವ್ಹಾಲಿ', ಎಂದರೆ ಅಕ್ಕರೆಯವಳು, ಎಂದು ಕರೆಯತೊಡಗಿದರು. ಬಸುರಿ ಮಗಳನ್ನು ಕೊಲ್ಲುವ ಮನೆ ಯಾವುದಿದೆ? ಕಾನೂನು ಹೇಳಲಾಗದ ಮಾತನ್ನು ತವರಿನ ಈ ಕಥೆ ಹೇಳಿತು.

ಅಂದಿನಿಂದ ಮೀನುಗಾರರು ಬಲೆಗೆ ಸಿಕ್ಕ ನೂರಾರು ಶಾರ್ಕ್‌ಗಳನ್ನು ತಮ್ಮ ಬಲೆಯನ್ನು ತಾವೇ ಕೊಯ್ದು ಬಿಟ್ಟಿದ್ದಾರೆ. ಅರಣ್ಯ ಇಲಾಖೆ ಬಲೆಯ ಪರಿಹಾರ ಕೊಡುತ್ತದೆ, ನಿಜ. ಆದರೆ ಕೊಯ್ಯುವ ಹೊತ್ತಿನಲ್ಲಿ ಆ ದಿನದ ದುಡಿಮೆ ಕೈತಪ್ಪುತ್ತಿರುತ್ತದೆ. ಫೆರೋದ ಯುವಕ ಕೊನೆಯವರೆಗೂ ಮಾಡದೆ ಹೋದದ್ದು ಇದೇ: ತನ್ನ ಕೈಯಲ್ಲಿದ್ದುದನ್ನು ತಿಳಿದೂ ತಿಳಿದೂ ಬಿಟ್ಟುಕೊಡುವುದು.

ಇಲ್ಲಿರುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಸೀಲ್ ಹೆಣ್ಣಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಆಕೆ ಕಡಲಿಗೆ ಹಾರಿದಲ್ಲಿಗೇ ನಿಲ್ಲಿಸಬೇಡಿ. ಕನಸಿನ ಭಾಗವನ್ನೂ ಹೇಳಿ, ಅದರ ಬೆನ್ನಿಗೇ ವೆರಾವಲ್‌ನ ಮೀನುಗಾರರ ಸಂಗತಿಯನ್ನೂ ಹೇಳಿ.