ಮೂರು ಸೆಕೆಂಡು ಸುಮ್ಮನಿರುವ ವಿದ್ಯೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಆರಂಭಿಸುವ ಮೊದಲು ನಿಮ್ಮಲ್ಲಿ ಒಂದು ಅಪ್ಪಣೆ ಕೇಳುತ್ತೇನೆ. ಒಂದು ಪ್ರಶ್ನೆ ಹಾಕಿ ಮೂರು ಸೆಕೆಂಡು ಸುಮ್ಮನಿರುತ್ತೇನೆ. ರೇಡಿಯೊ ಕೆಟ್ಟಿತೆಂದು ತಿಳಿಯಬೇಡಿ. ಯಾರ ಒತ್ತಾಯವೂ ಇಲ್ಲದೆ, ನೀವಾಗಿಯೇ ಬಯಸಿ ಕಲಿತ ಮೊದಲ ವಿದ್ಯೆ ಯಾವುದು?

(ಮೂರು ಸೆಕೆಂಡು ಮೌನ)

ಬಹಳ ಹೊತ್ತು ಎನಿಸಿತಲ್ಲವೇ? ತರಗತಿಯಲ್ಲಿ ಮಕ್ಕಳಿಗೆ ಅಷ್ಟೂ ಹೊತ್ತು ಸಿಗುವುದಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಇನ್ನೊಂದು ಮಗುವಿನತ್ತ ತಿರುಗುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಬಾಯಿ ತೆರೆಯದಿದ್ದ ಮಕ್ಕಳು ಮಾತನಾಡಿದರು, ತಾವೇ ಪ್ರಶ್ನೆ ಕೇಳತೊಡಗಿದರು. 1970ರ ದಶಕದ ಈ ಸಂಶೋಧನೆಯನ್ನು ನಾನು ಓದಿದ್ದು ಚಿಕ್ಕ ಮಕ್ಕಳಿಗೆ ಗಣಿತ ಕಲಿಸಲು ಆರಂಭಿಸಿ ಎಷ್ಟೋ ವರ್ಷಗಳಾದ ಮೇಲೆ. ಓದಿದ ಕೂಡಲೇ ಒಬ್ಬ ಹುಡುಗಿಯ ಮುಖ ಕಣ್ಣ ಮುಂದೆ ಬಂತು.

ಅವಳಿಗೆ ಎಂಟು ವರ್ಷ. ಕೈಯಲ್ಲೊಂದು ದಾರ ಹಿಡಿದು ಕಿಟಕಿಯ ಅಗಲವನ್ನು ಅಳೆಯುತ್ತಿದ್ದಳು. ಮೂರು ದಾರ ಆಗಿ ಸ್ವಲ್ಪ ಉಳಿಯಿತು. ಆ 'ಸ್ವಲ್ಪ'ವನ್ನು ಏನು ಮಾಡುವುದೆಂದು ತಿಳಿಯದೆ ದಾರವನ್ನು ಮಡಿಸಿ ಹಿಡಿದು ನೋಡುತ್ತಿದ್ದಳು. ನಾನು ಹತ್ತಿರ ಹೋಗಿ, "ಅದು ಅರ್ಧ ದಾರ. ಒಟ್ಟು ಮೂರೂವರೆ ಆಯಿತು ನೋಡು" ಎಂದೆ. ಉತ್ತರ ಸರಿಯಾಗಿಯೇ ಇತ್ತು. ಅವಳು "ಹೌದು ಮೇಡಂ" ಎಂದು ದಾರವನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತಳು. ಮತ್ತೆ ಆ ದಾರವನ್ನು ಮುಟ್ಟಲಿಲ್ಲ. ಆ ದಿನ ನಾನು ಅವಳಿಗೆ ಏನನ್ನೋ ಕೊಟ್ಟೆ ಎಂದುಕೊಂಡಿದ್ದೆ. ಅವಳದಾಗಬೇಕಿದ್ದ ಒಂದು ಕ್ಷಣವನ್ನು ಕಿತ್ತುಕೊಂಡಿದ್ದೆ.

ಮಗುವೇ ಮುನ್ನಡೆಸುವ ಶಿಕ್ಷಣ ಎಂದಾಗ ಅನೇಕರ ಮನಸ್ಸಿಗೆ ಬರುವುದು ಲಂಗುಲಗಾಮಿಲ್ಲದ ಮಕ್ಕಳು, ಕೈಕಟ್ಟಿ ಕುಳಿತ ಶಿಕ್ಷಕರು. ನಾನು ಕಂಡಂತೆ ದೊಡ್ಡವರಿಗೆ ಇದಕ್ಕಿಂತ ಕಷ್ಟದ ದುಡಿಮೆ ಇನ್ನೊಂದಿಲ್ಲ. ಪಾಠ ಒಪ್ಪಿಸುವುದು ಸುಲಭ. ಮಗು ಏನನ್ನು ಹುಡುಕುತ್ತಿದೆ ಎಂದು ಗಮನಿಸಿ, ಅದಕ್ಕೆ ಬೇಕಾದ ವಸ್ತುವನ್ನು ಅದರ ಕೈಗೆಟುಕುವಂತೆ ಇಟ್ಟು, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ಈ ದುಡಿಮೆಯನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮರಿಯಾ ಮಾಂಟೆಸ್ಸೊರಿ ಮುಖ್ಯರು. ಅವರು ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ಒಂದು ಕೋಣೆ ತೆರೆದರು. ಆಯ್ಕೆಯ ಸ್ವಾತಂತ್ರ್ಯ ಉಳ್ಳವರ ಮಕ್ಕಳ ಸೊತ್ತು ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು. ಅಲ್ಲಿ ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ಉರುಳೆಗಳನ್ನು ಅವುಗಳ ಗುಳಿಗಳಿಗೆ ಹೊಂದಿಸುತ್ತಾ ಕುಳಿತಿದ್ದಳು. ಹೊಂದಿಸುವುದು, ತೆಗೆಯುವುದು, ಕಲಸುವುದು, ಮತ್ತೆ ಹೊಂದಿಸುವುದು. ಅವಳ ಏಕಾಗ್ರತೆಯನ್ನು ಪರೀಕ್ಷಿಸಲು ಮಾಂಟೆಸ್ಸೊರಿ ಉಳಿದ ಮಕ್ಕಳಿಂದ ಹಾಡು ಹೇಳಿಸಿದರು. ಆ ಮಗುವನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲೆ ಕೂರಿಸಿದರು. ಅವಳು ಉರುಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೆಲಸ ಮುಂದುವರಿಸಿದಳು. 40ಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿ, ಒಳ್ಳೆಯ ನಿದ್ದೆಯಿಂದ ಎದ್ದವಳಂತೆ ನಗುತ್ತಾ ನಿಲ್ಲಿಸಿದಳು. ಯಾರೂ ಸಾಕು ಎನ್ನಲಿಲ್ಲ, ಗಂಟೆ ಬಾರಿಸಲಿಲ್ಲ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಮಕ್ಕಳ ಗಮನವನ್ನು ಕತ್ತರಿಸುವ ನಾವೇ ಆಮೇಲೆ ಅವರಿಗೆ ಏಕಾಗ್ರತೆ ಇಲ್ಲ ಎಂದು ದೂರುತ್ತೇವೆ.

ಅದೇ ಶಾಲೆಯಲ್ಲಿ ಒಂದು ದಿನ ಶಿಕ್ಷಕಿ ಬರುವುದು ತಡವಾಯಿತು, ಹಿಂದಿನ ದಿನ ಕಪಾಟಿಗೆ ಬೀಗ ಹಾಕುವುದೂ ಮರೆತುಹೋಗಿತ್ತು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದುದನ್ನು ಎತ್ತಿಕೊಂಡು ಕೆಲಸದಲ್ಲಿ ಮುಳುಗಿದ್ದರು. ಶಿಕ್ಷಕಿಗೆ ಅದು ಕಳ್ಳತನದಂತೆ ಕಂಡಿತು, ಮಾಂಟೆಸ್ಸೊರಿಗೆ ಆಯ್ಕೆಯಂತೆ ಕಂಡಿತು. ಅಂದಿನಿಂದ ಕಪಾಟುಗಳು ತಗ್ಗಾದವು, ಬೀಗಗಳು ಹೋದವು.

ಇನ್ನೂ ದೂರ ಹೋದವರಿದ್ದಾರೆ. 1921ರಲ್ಲಿ ಎ. ಎಸ್. ನೀಲ್ ಆರಂಭಿಸಿದ ಸಮ್ಮರ್‌ಹಿಲ್ ಶಾಲೆ ಈಗ ಇಂಗ್ಲೆಂಡಿನ ಸಫೊಕ್‌ನಲ್ಲಿ ನಡೆಯುತ್ತಿದೆ. ಅಲ್ಲಿ ತರಗತಿಗಳಿವೆ, ಹಾಜರಾಗಲೇಬೇಕೆಂಬ ಕಟ್ಟಳೆಯಿಲ್ಲ. ಶಾಲೆಯ ನಿಯಮಗಳನ್ನು ಸಭೆಯಲ್ಲಿ ಮತ ಹಾಕಿ ತೀರ್ಮಾನಿಸುತ್ತಾರೆ. ಚಿಕ್ಕ ಮಗುವಿಗೂ ಒಂದೇ ಮತ, ಹಿರಿಯ ಶಿಕ್ಷಕರಿಗೂ ಒಂದೇ ಮತ. ಬೇರೆ ಶಾಲೆಗಳಿಂದ ಬಂದ ಮಕ್ಕಳು ತಿಂಗಳುಗಟ್ಟಲೆ ತರಗತಿಯತ್ತ ಸುಳಿಯುವುದಿಲ್ಲ ಎಂದು ನೀಲ್ ಬರೆದಿದ್ದಾರೆ. ಹಿಂದಿನ ಶಾಲೆಯ ಮೇಲೆ ಹೆಚ್ಚು ದ್ವೇಷವಿದ್ದಷ್ಟೂ ಚೇತರಿಕೆ ನಿಧಾನ. ಆ ತಿಂಗಳುಗಳಲ್ಲಿ ತಂದೆತಾಯಿಯ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಾನು ಊಹಿಸಬಲ್ಲೆ.

1999ರಲ್ಲಿ ಸರಕಾರಿ ತಪಾಸಣೆಯ ಬಳಿಕ ಈ ಐಚ್ಛಿಕ ಹಾಜರಾತಿಗೇ ಕುತ್ತು ಬಂತು. ವಿವಾದ ಲಂಡನ್ನಿನಲ್ಲಿ ವಿಚಾರಣೆಗೆ ಬಂದು, 2000ದ ಮಾರ್ಚ್‌ನಲ್ಲಿ ರಾಜಿಯ ಕರಡು ಸಿದ್ಧವಾಯಿತು. ಆಗ ಮಕ್ಕಳು ಆ ನ್ಯಾಯಾಲಯದ ಕೋಣೆಯಲ್ಲಿಯೇ ತಮ್ಮ ಸಭೆ ಸೇರಿಸಿ, ಚರ್ಚಿಸಿ, ಮತ ಹಾಕಿ ಅದನ್ನು ಒಪ್ಪಿದರು. ಪೌರನೀತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಒಪ್ಪಿಸಿದ ಮಕ್ಕಳನ್ನು ನಾನು ಕೇಳಿಲ್ಲ.

ಆದರೆ ನೀಲ್ ಅವರೊಂದಿಗೆ ನಾನು ಪೂರ್ತಿ ದೂರ ನಡೆಯಲಾರೆ. 'ಅ' ಅಕ್ಷರಕ್ಕೆ ಆ ಆಕಾರವೇ ಏಕೆ ಎಂಬುದನ್ನು ಯಾವ ಮಗುವೂ ತಾನಾಗಿ ಕಂಡುಹಿಡಿಯಲಾರದು. ಲಿಪಿ ಮನುಷ್ಯರು ಮಾಡಿಕೊಂಡ ಒಪ್ಪಂದ, ಬಲ್ಲವರು ಅದನ್ನು ತೋರಿಸಿಕೊಡಲೇಬೇಕು. ಮನೆ ತುಂಬ ಪುಸ್ತಕಗಳಿರುವ ಮಗು ಇಂದಲ್ಲ ನಾಳೆ ಓದಲು ಬಯಸೀತು. ಮನೆಯಲ್ಲಿ ಒಂದೂ ಪುಸ್ತಕವನ್ನು ಕಾಣದ ಮಗುವನ್ನು "ಬಯಸಿದಾಗ ಕಲಿ" ಎಂದು ಬಿಟ್ಟರೆ ಅದು ಸ್ವಾತಂತ್ರ್ಯವಲ್ಲ, ಕೈಬಿಡುವುದು. ಬಯಕೆ ಹುಟ್ಟುವುದಕ್ಕೂ ಕಣ್ಣಿಗೆ ಏನಾದರೂ ಬೀಳಬೇಕು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ನನ್ನನ್ನು ಕೇಳಿದವರು ಅನೇಕರು. ಗಿಡ ಬಗ್ಗುವುದು ಬೆಳಕಿನ ಕಡೆಗೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡದೆ ಬಗ್ಗಿಸಲು ಹೊರಟರೆ ಗಿಡ ಮುರಿಯುತ್ತದೆ.

ಬೆತ್ತ ಬಿಟ್ಟವರು ಬಹುಮಾನ ಹಿಡಿದಿದ್ದಾರೆ. ಅದೂ ಮಗುವನ್ನು ನಮ್ಮ ದಾರಿಗೆ ಎಳೆಯುವ ಹಗ್ಗವೇ. ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮುಂಚೆಯೇ ಹೇಳಿ, ಕೊಟ್ಟರು. ಒಂದೆರಡು ವಾರಗಳ ನಂತರ, ಬಹುಮಾನದ ಮಾತೇ ಇಲ್ಲದಾಗ, ಆ ಮಕ್ಕಳು ಚಿತ್ರ ಬರೆಯಲು ಕಳೆದ ಸಮಯ ಉಳಿದವರದರ ಸುಮಾರು ಅರ್ಧದಷ್ಟಿತ್ತು. ಪ್ರತಿಯೊಂದಕ್ಕೂ ನಕ್ಷತ್ರ ಅಂಟಿಸುವುದನ್ನು ನಾನು ಅಂದಿನಿಂದ ನಿಲ್ಲಿಸಿದೆ.

ಆ ದಾರವನ್ನು ಮಾತ್ರ ಎಸೆಯಲಿಲ್ಲ. ತಗ್ಗಾದ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗುವಂತೆ ಇಟ್ಟಿದ್ದೆ. ಮುಂದಿನ ವರ್ಷ ಒಬ್ಬ ಹುಡುಗ ಅದನ್ನು ತೆಗೆದುಕೊಂಡು ಮೇಜನ್ನು ಅಳೆಯಲು ಹೊರಟ. ಎರಡು ದಾರ ಆಗಿ ಸ್ವಲ್ಪ ಉಳಿಯಿತು. ಮಡಿಸಿ ನೋಡಿದ, ಅದಕ್ಕಿಂತಲೂ ಕಡಿಮೆ. ಇನ್ನೊಮ್ಮೆ ಮಡಿಸಿದ, ಸರಿಹೊಂದಿತು. ನನ್ನ ನಾಲಗೆಯ ತುದಿಯಲ್ಲಿ ಪದ ಕುಣಿಯುತ್ತಿತ್ತು. ಮೂರು ಸೆಕೆಂಡಲ್ಲ, ಎರಡು ದಿನ ಕಾದೆ. ಅಷ್ಟರಲ್ಲಿ ಅವನು ಬಾಗಿಲು, ಬೆಂಚು, ಗೆಳೆಯನ ಎತ್ತರ ಎಲ್ಲವನ್ನೂ ಅಳೆದು ಮುಗಿಸಿದ್ದ. ಮೂರನೆಯ ದಿನ ನಾಲ್ಕು ಪದರವಾಗಿ ಮಡಿಸಿದ ದಾರ ಹಿಡಿದು ನನ್ನ ಬಳಿಗೇ ಬಂದ.

"ಮೇಡಂ, ಇಷ್ಟಕ್ಕೆ ಏನಾದರೂ ಹೆಸರಿದೆಯೇ?"

"ಇದೆ" ಎಂದೆ. "ಕಾಲು."

ಅವನು ಮೇಜಿನ ಕಾಲುಗಳನ್ನು ನೋಡಿದ, ಮನಸ್ಸಿನಲ್ಲಿಯೇ ಎಣಿಸಿದ, ಮುಖ ಅರಳಿತು. "ಹಾಗಾದರೆ ದಾರಕ್ಕೂ ನಾಲ್ಕೇ ಕಾಲು!" ಎಂದು ಕೂಗುತ್ತಾ ಗೆಳೆಯರ ಬಳಿಗೆ ಓಡಿದ.

ನಮಸ್ಕಾರ.